ವೀಸಾಕ್ಕೆ ಬೇಕಾದ ಅಪ್ಪ

ನನ್ನ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು ಎಂದೇ ಇರಬೇಕು. ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಐ-20 ಬಂತು ನೋಡಿ, ಅವತ್ತಿನಿಂದ ಈ ಪ್ರಶ್ನೆ ಅಡುಗೆಮನೆಯಿಂದ ಸಿಎ ಆಫೀಸಿನವರೆಗೆ ಓಡಾಡತೊಡಗಿತು. ಐ-20 ಎಂದರೆ ಅಲ್ಲಿನ ವಿಶ್ವವಿದ್ಯಾಲಯ ಕಳಿಸುವ ಫಾರ್ಮು. ನಿಮ್ಮ ಹುಡುಗಿಗೆ ಸೀಟು ಕೊಟ್ಟಿದ್ದೇವೆ ಎಂಬುದನ್ನು ಅದರಲ್ಲಿ ಚುಟುಕಾಗಿ ಹೇಳಿರುತ್ತಾರೆ. ಓದಿಗೆ ಇಷ್ಟು ಡಾಲರ್, ಊಟ ವಸತಿಗೆ ಇಷ್ಟು ಡಾಲರ್, ಇದೆಲ್ಲ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಕೋಷ್ಟಕ ಹಾಕಿ ಬರೆದಿರುತ್ತಾರೆ. ‘ಎಲ್ಲಿಂದ’ ಎಂಬಲ್ಲಿ ಮಗಳು ನನ್ನ ಕಡೆ ಕೈ ತೋರಿಸಿದ್ದಳು.

ನಾನು ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ಡಾಲರ್ ಏರಿದರೆ ರಫ್ತು ಮಾಡುವವರಿಗೆ ಲಾಭ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಈ ಸಲ ಮನೆಯಿಂದಲೇ ರಫ್ತು ನಡೆದಿತ್ತು. ಲಾಭದ ಸುಳಿವಿರಲಿಲ್ಲ. ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸೆವಿಸ್ ಎಂಬ ವ್ಯವಸ್ಥೆಗೆ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್. ಎರಡೂ ಸೇರಿ ಆಗ ಸುಮಾರು 45 ಸಾವಿರ ರೂಪಾಯಿ. ವೀಸಾ ಕೊಡದಿದ್ದರೂ ಅರ್ಜಿಯ ದುಡ್ಡು ವಾಪಸ್ ಬರುವುದಿಲ್ಲ.

“ಇಷ್ಟು ದುಡ್ಡು ಕೊಟ್ಟು ‘ಇಲ್ಲ’ ಅನ್ನಿಸ್ಕೊಂಡು ಬರೋದಾ?” ಎಂದಳು ಹೆಂಡತಿ. “ಮನೇಲಿ ನಾನು ಪುಕ್ಕಟೆ ಅಂತೀನಲ್ಲ.”

ಬ್ಯಾಂಕಿನವರಿಗೂ ವೀಸಾದವರಿಗೂ ತೋರಿಸಲು ನನ್ನ ನಿವ್ವಳ ಮೌಲ್ಯದ ಸರ್ಟಿಫಿಕೇಟು ಬೇಕೆಂದು ಕನ್ಸಲ್ಟೆನ್ಸಿಯ ಹುಡುಗ ಹೇಳಿದ. ಸಿಎ ಬಳಿ ಹೋದೆ. ಇದೇ ಸಿಎ ಬಳಿ ಪ್ರತಿ ವರ್ಷ ತೆರಿಗೆ ಕಾಲದಲ್ಲಿ ಹೋಗಿ, ನಾನೆಷ್ಟು ಬಡವ ಎಂಬುದನ್ನು ಸರ್ಕಾರಕ್ಕೆ ಚೆನ್ನಾಗಿ ಮನವರಿಕೆ ಮಾಡಿಕೊಡಿ ಎಂದು ಕೈಮುಗಿದು ಬರುತ್ತಿದ್ದೆ. ಈಗ ನಾನೆಷ್ಟು ಸಿರಿವಂತ ಎಂಬುದನ್ನು ಅಮೆರಿಕಕ್ಕೆ ತಿಳಿಸಿ ಎಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೊಮ್ಮೆ ನೋಡಿ, “ಎರಡೂ ಸರ್ಕಾರದೋರು ಮಾತಾಡ್ಕೊಳ್ದಿದ್ರೆ ಸಾಕು ಸಾರ್” ಎಂದರು.

ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟೊಂದಿದೆ. ಅದನ್ನು ನೋಂದಣಿ ಮಾಡಿಸುವಾಗ, ಇದು ಮುಳ್ಳುಕಂಟಿ ಬೆಳೆದ ಜಾಗ, ಇದಕ್ಕೆ ಇಷ್ಟೊಂದು ಗೈಡೆನ್ಸ್ ವ್ಯಾಲ್ಯೂ ಅನ್ಯಾಯ ಎಂದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ವಾದ ಮಾಡಿದ್ದವನು ನಾನೇ. ಈಗ ವ್ಯಾಲ್ಯೂಯರ್ ಬಂದಾಗ ಅದೇ ಸೈಟಿನಲ್ಲಿ ನಿಂತು ಗಾಳಿ ಎಷ್ಟು ಚೆನ್ನಾಗಿ ಬೀಸುತ್ತದೆ, ರಿಂಗ್ ರೋಡು ಎಷ್ಟು ಹತ್ತಿರ ಎಂದೆಲ್ಲ ವರ್ಣಿಸಿದೆ. ನನ್ನ ಸ್ಕೂಟರನ್ನು ಆಸ್ತಿಯ ಕಡೆ ಬರೆಯಲು ಸಿಎ ಒಪ್ಪಲಿಲ್ಲ. ಹೊಣೆಯ ಕಡೆ ಬರೆಯಲು ನಾನು ಒಪ್ಪಲಿಲ್ಲ. ಅದನ್ನು ಬಿಟ್ಟುಬಿಟ್ಟೆವು. ಕಪಾಟು ತುಂಬ ಇರುವ ಅರ್ಥಶಾಸ್ತ್ರದ ಪುಸ್ತಕಗಳನ್ನು ಅವರು ಕೇಳಲೇ ಇಲ್ಲ.

ಇಷ್ಟರಲ್ಲಿ ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ಅಂಚೆ ಕಚೇರಿಯ ಪಾಸ್‌ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಪುಸ್ತಕಗಳು ಮುಗಿಯುತ್ತಲೇ ಇರಲಿಲ್ಲ. ಆಮೇಲೆ ಅಪ್ರೈಸರ್ ತೂಗಿ ಕೊಟ್ಟಿದ್ದ ಚಿನ್ನದ ಚೀಟಿ ಹೊರಗೆ ಬಂತು. “ದಿನಸಿಗೆ ಸಾಲ್ತಿಲ್ಲ ಸಾಲ್ತಿಲ್ಲ ಅಂತ ನನ್ನ ಹತ್ರ ಇಸ್ಕೊಂಡ ದುಡ್ಡಾ ಇದು?” ಎಂದೆ. “ನಿಮ್ಮ ಕೈಲಿದ್ರೆ ಇರ್ತಿತ್ತಾ?” ಎಂದಳು. ಸಿಎ ಎಲ್ಲ ಕೂಡಿಸಿ ನೋಡಿ, ಮೆಲ್ಲಗೆ, “ಸಾರ್, ಸ್ಪಾನ್ಸರ್ ಕಾಲಮ್ಮಿಗೆ ಮೇಡಮ್ಮೋರ ಹೆಸರು ಹಾಕಿದ್ರೇ ತೂಕ ಇರ್ತಿತ್ತು” ಎಂದರು. ಐ-20ರ ಕೆಲಸ ಮುಗಿದುಹೋಗಿದ್ದರಿಂದ ನಾನು ಸ್ಪಾನ್ಸರ್ ಆಗಿ ಉಳಿದೆ.

ಇನ್ನು ನನ್ನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದರ ಹಿಂದೆ ಎರಡು ಇನಿಷಿಯಲ್ ಇವೆ. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಚ್ಚಿಕೊಂಡು ಊರು, ಅಪ್ಪ, ನಾನು ಮೂವರೂ ಸಾಲಾಗಿ ನಿಂತಿದ್ದೇವೆ. ಸೈಟಿನ ಕ್ರಯಪತ್ರದಲ್ಲಿ ಪತ್ರಬರಹಗಾರ ತನ್ನದೇ ಔದಾರ್ಯದಿಂದ ಹೆಸರಿನ ಕೊನೆಗೊಂದು ‘ಪ್ಪ’ ಸೇರಿಸಿ ನನ್ನ ವಯಸ್ಸನ್ನೂ ಗೌರವವನ್ನೂ ಹೆಚ್ಚಿಸಿದ್ದಾನೆ. ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದಗಳನ್ನು ಅಕ್ಕಪಕ್ಕ ಇಟ್ಟು, “ಇವರು ಮೂವರೂ ಯಾರು?” ಎಂದು ನನ್ನನ್ನೇ ಕೇಳಿದರು. ಕೊನೆಗೆ ನೋಟರಿಯ ಮುಂದೆ ನಿಂತು, ಸದರಿ ಮೂರೂ ಹೆಸರಿನ ವ್ಯಕ್ತಿ ನಾನೊಬ್ಬನೇ ಎಂದು ಅಫಿಡವಿಟ್ ಮಾಡಿಸಿದೆ. ಮನೆಗೆ ಬಂದು ಅದನ್ನು ಹೆಂಡತಿಗೆ ಓದಿ ಹೇಳಿದಾಗ, “ಮೂರು ಜನ ಇದ್ದೂ ಒಬ್ರಾದ್ರೂ ಗ್ಯಾಸ್ ಬುಕ್ ಮಾಡ್ಲಿಲ್ಲ” ಎಂದಳು.

ಮಗಳ ಹೆಸರಿನದು ಇನ್ನೊಂದು ಕಥೆ. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ. ಅಮೆರಿಕದ ಅರ್ಜಿಯಲ್ಲಿ ಮಾತ್ರ ಆ ಜಾಗ ಖಾಲಿ ಬಿಡುವಂತಿಲ್ಲ. ಇರುವ ಹೆಸರನ್ನೇ ಅಲ್ಲಿಗೆ ಸರಿಸಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆಯಬೇಕು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನಾಮಕರಣದ ದಿನ ಸೋದರತ್ತೆಯರೆಲ್ಲ ಹಟ ಹಿಡಿದು, ಒಬ್ಬರು ಊಟ ಬಿಟ್ಟು, ಇಟ್ಟ ಹೆಸರದು. ಅವ್ವ ಅಕ್ಷರ ಕೂಡಿಸಿ ಓದಿ, “ಎಫ್‌ಎನ್‌ಯು ಅಂದ್ರೆ ಏನೋ?” ಎಂದಳು. ಅಲ್ಲಿ ಓದೋಕೆ ಹೋಗೋರಿಗೆ ಕೊಡೋ ಬಿರುದು ಎಂದೆ. ಸಂಜೆಯೊಳಗೆ ಓಣಿಯಲ್ಲೆಲ್ಲ ಸುದ್ದಿಯಾಯಿತು.

ಅರ್ಜಿಯ ಹೆಸರು ಡಿಎಸ್-160. ಅದನ್ನು ತುಂಬುವಾಗ ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಯಾವ ಪ್ರಶ್ನೆಗೂ ಇಪ್ಪತ್ತು ನಿಮಿಷದೊಳಗೆ ಉತ್ತರ ಸಿಕ್ಕ ಚರಿತ್ರೆ ಇಲ್ಲ. “ನೀವು ಯಾವುದಾದರೂ ಕುಲಕ್ಕೆ ಅಥವಾ ಬುಡಕಟ್ಟಿಗೆ ಸೇರಿದವರೇ?” ಎಂಬ ಪ್ರಶ್ನೆಯನ್ನು ಮಗಳು ಓದಿದ್ದೇ ತಡ, ಅವ್ವ ಮಂಚದಿಂದ ಎದ್ದು ಕೂತಳು. “ಬೆಡಗು ಕೇಳ್ತಿದಾರೆ. ಬರಿ. ಮನೆದೇವರು ಉಕ್ಕಡಗಾತ್ರಿ ಅಜ್ಜಯ್ಯ ಅಂತಾನೂ ಬರಿ. ಸಂಬಂಧ ಬೆಳೆಸೋ ಬೀಗರು ಕೇಳೋದೇ ಇದನ್ನ.” ಅಮೆರಿಕದವರಿಗೆ ಬೆಡಗು ಬೇಕಿಲ್ಲ ಎಂದು ಮಗಳು, ಕೇಳಿದವರಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎಂದು ಅವ್ವ. ನಮ್ಮ ಬೆಡಗು ಯಾವುದು ಎಂದು ನನಗೇ ನೆನಪಿರಲಿಲ್ಲವಾದ್ದರಿಂದ ನಾನು ತೆಪ್ಪಗಿದ್ದೆ. ತೀರ್ಮಾನ ಆಗುವ ಹೊತ್ತಿಗೆ ಫಾರ್ಮು ಮುಚ್ಚಿಹೋಗಿತ್ತು.

ಕೊನೆಯ ಪುಟಗಳಲ್ಲಿ ಭದ್ರತೆಯ ಪ್ರಶ್ನೆಗಳು. ಗೂಢಚರ್ಯೆಗೆ ಬರುತ್ತಿದ್ದೀರಾ, ಭಯೋತ್ಪಾದನೆಯ ಉದ್ದೇಶ ಇದೆಯಾ, ನರಮೇಧದಲ್ಲಿ ಭಾಗಿಯಾಗಿದ್ದೀರಾ ಎಂದು ಗಂಭೀರವಾಗಿ ಕೇಳುತ್ತಾ ಹೋಗುತ್ತದೆ. ಮಗಳು ಒಂದೊಂದನ್ನೂ ಓದಿ “ಇಲ್ಲ… ಇಲ್ಲ… ಇಲ್ಲ” ಎನ್ನುತ್ತಿದ್ದಳು. ಒಳಗಿನಿಂದ ಹೆಂಡತಿ, “ಯಾರಿಗೇ ಹಂಗೆ ಎದುರುತ್ತರ ಕೊಡ್ತಿದೀಯ?” ಎಂದಳು. “ಅಮೆರಿಕಕ್ಕಮ್ಮ.” “ಹೌದಾ, ಅಪ್ಪನಿಗೇನೋ ಅನ್ಕೊಂಡೆ” ಎಂದು ಒಗ್ಗರಣೆಗೆ ಮರಳಿದಳು.

ಅಷ್ಟರಲ್ಲಿ ಹೊಸ ಕಂಟಕ ಬಂತು. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿಗಳ ಸಂದರ್ಶನಕ್ಕೆ ಹೊಸ ಸ್ಲಾಟ್ ಕೊಡುವುದನ್ನೇ ಅಮೆರಿಕ ನಿಲ್ಲಿಸಿತು. ಜೂನ್ ನಡುವಿನಲ್ಲಿ ಮತ್ತೆ ಶುರು ಮಾಡುವಾಗ, ಅರ್ಜಿ ಹಾಕಿದವರು ತಮ್ಮ ಸೋಶಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಸಾರ್ವಜನಿಕವಾಗಿ ತೆರೆದಿಡಬೇಕು ಎಂದಿತು. ಮಗಳ ಇನ್‌ಸ್ಟಾಗ್ರಾಮಿನಲ್ಲಿ ಆಕ್ಷೇಪಕ್ಕೆ ಏನಿದೆ ಎಂದು ಧೈರ್ಯವಾಗಿದ್ದೆ. ಅವಳು ಖಾತೆ ತೆರೆದು ತೋರಿಸಿದಾಗ ಗೊತ್ತಾಯಿತು, ಆಕ್ಷೇಪಾರ್ಹ ವಸ್ತು ನಾನೇ. ಪಟ್ಟಾಪಟ್ಟಿ ಚಡ್ಡಿ, ತೂತುಬನಿಯನ್, ತಲೆಗೆ ಟವಲು ಸುತ್ತಿ ನೀರಿನ ಟ್ಯಾಂಕಿನೊಳಕ್ಕೆ ಅರ್ಧ ಇಳಿದು ಯಾರನ್ನೋ ಬೈಯುತ್ತಿರುವ ವಿಡಿಯೊ. ಅದಕ್ಕೆ ಅವಳ ಗೆಳತಿಯರು ಹಾಕಿದ್ದ ಹೃದಯಗಳಿಗೆ ಲೆಕ್ಕವಿರಲಿಲ್ಲ. “ಇದನ್ನು ಅಮೆರಿಕ ಸರ್ಕಾರ ನೋಡುತ್ತಾ?” ಎಂದೆ. “ನೋಡ್ಬೋದು” ಎಂದಳು. ಸಿಎ ಬರೆದುಕೊಟ್ಟ ಸಿರಿವಂತನೂ ಈ ಚಡ್ಡಿಯವನೂ ಒಬ್ಬನೇ ಎಂದು ಇನ್ನೊಂದು ಅಫಿಡವಿಟ್ ಮಾಡಿಸಬೇಕಾದೀತೇನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಎದುರುಮನೆಯವರು ಹೈದರಾಬಾದಿನ ಚಿಲುಕೂರು ಬಾಲಾಜಿಯ ವಿಷಯ ಹೇಳಿದರು. ಗಂಡಿಪೇಟೆ ಕೆರೆಯ ಬಳಿಯ ಆ ದೇವರಿಗೆ ‘ವೀಸಾ ಬಾಲಾಜಿ’ ಎಂದೇ ಹೆಸರು. ಹರಕೆ ಹೊತ್ತು 11 ಪ್ರದಕ್ಷಿಣೆ, ಕೆಲಸ ಆದ ಮೇಲೆ 108. ಅಲ್ಲಿ ಹುಂಡಿಯೇ ಇಲ್ಲ ಎಂದು ಕೇಳಿ ನನ್ನ ಭಕ್ತಿ ಉಕ್ಕಿತು. ಈ ಇಡೀ ವ್ಯವಹಾರದಲ್ಲಿ ಶುಲ್ಕ ತೆಗೆದುಕೊಳ್ಳದ ಕಚೇರಿ ಅದೊಂದೇ. ಅಷ್ಟು ದೂರ ಹೋಗಲು ಆಗದೆ, ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಹೆಂಡತಿಯ ಅಣ್ಣನ ಮಗನಿಗೆ ನಮ್ಮ ಪರವಾಗಿ ಸುತ್ತಲು ಹೇಳಿದೆವು. ಅವ್ವನಿಗೆ ಇದು ಸರಿಬರಲಿಲ್ಲ. “ಸುತ್ತಿದೋನು ಅವನು. ವೀಸಾ ಅವನಿಗೇ ಬಂದ್ರೆ ಏನ್ ಮಾಡ್ತೀರಿ?”

ಇಷ್ಟೆಲ್ಲ ಕಾಗದ ಕೂಡಿಸಿದರೂ ನಿಜವಾದ ಗಂಡಾಂತರ ಬೇರೆಯೇ ಇತ್ತು. ಅಮೆರಿಕದ 1952ರ ವಲಸೆ ಕಾನೂನಿನಲ್ಲಿ 214(ಬಿ) ಎಂಬ ಕಲಮು ಇದೆ. ವಿದ್ಯಾರ್ಥಿ ವೀಸಾ ಕೇಳಿ ಬಂದವರೆಲ್ಲ ಅಲ್ಲೇ ನೆಲೆಸಲು ಬಂದವರು ಎಂದು ಅದು ಮೊದಲೇ ಭಾವಿಸಿಬಿಡುತ್ತದೆ. ಹಾಗಲ್ಲ ಎಂದು ತೋರಿಸುವ ಭಾರ ಅರ್ಜಿದಾರರದ್ದು. ಮಗಳನ್ನು ತಾಯ್ನಾಡಿಗೆ ಕಟ್ಟಿಹಾಕಿರುವ ನಂಟುಗಳೇನು ಎಂಬುದಕ್ಕೆ ಪುರಾವೆ ಬೇಕು. ಹತ್ತನೇ ಕ್ಲಾಸಿನಿಂದ “ಓದಿ ಎಲ್ಲಾದ್ರೂ ಹೊರಗೆ ಹೋಗು, ಇಲ್ಲೇನಿದೆ?” ಎಂದು ಅವಳ ಕಿವಿ ಕಚ್ಚುತ್ತಿದ್ದ ನಾನು, ಇಲ್ಲೇನಿದೆ ಎಂಬುದರ ಪಟ್ಟಿ ಮಾಡಲು ಕೂತೆ.

ಊರಲ್ಲಿ ಭದ್ರಾ ಅಚ್ಚುಕಟ್ಟಿನ ಗದ್ದೆ ಇದೆ. ಅದರ ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿತ್ತು. ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ನಾಡಕಚೇರಿ. ಅಲ್ಲಿಗೆ ತಮ್ಮನೂ ಬರಬೇಕು. ಅವನು ಬಂದ, ಬಂದು ಕೇಳಿದ: “ಅಣ್ಣ, ಪುಟ್ಟಿ ಅಮೆರಿಕಕ್ಕೆ ಹೋಗಾಕೂ ನಮ್ಮ ಗದ್ದೆಗೂ ಏನ್ ಸಂಬಂಧ?” ಅದು ಅವಳನ್ನು ವಾಪಸ್ ಕರೆಸೋ ನಂಟು ಎಂದೆ. “ನಾಲೆಯ ಕೊನೇ ಭಾಗ ನಮ್ದು. ಭದ್ರಾ ನೀರೇ ಅಲ್ಲೀವರೆಗೆ ಬರಲ್ಲ, ಅವಳು ಅಮೆರಿಕದಿಂದ ಬರ್ತಾಳಾ?” ಎಂದು ಕೇಳಿ, ಆದರೂ ರುಜು ಹಾಕಿದ.

ಮನೆಯಲ್ಲಿ ಅಣಕು ಸಂದರ್ಶನ ನಡೆಯಿತು. ವೀಸಾ ಅಧಿಕಾರಿಯ ಪಾತ್ರಕ್ಕೆ ನಾನೇ ಸರಿ ಎಂದು ನಾನೇ ತೀರ್ಮಾನಿಸಿ, ಮದುವೆಯ ಕೋಟು ಹಾಕಿಕೊಂಡೆ. ಗುಂಡಿ ಬರಲಿಲ್ಲ, ಬಿಟ್ಟೆ. ಅಡುಗೆಮನೆಯ ಕಟ್ಟೆಯ ಆಚೆ ನಾನು, ಈಚೆ ಮಗಳು. “ಅಮೆರಿಕವೇ ಏಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಎರಡು ವಾಕ್ಯದಲ್ಲಿ ಚೆನ್ನಾಗಿಯೇ ಹೇಳಿದಳು. ಅದರಲ್ಲಿ ಸ್ವಲ್ಪ ತಿದ್ದುಪಡಿ ಬೇಕೆನಿಸಿ, ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಆರ್ಥಿಕತೆಯಿಂದ ಶುರುಮಾಡಿದೆ. ಬ್ರೆಟನ್ ವುಡ್ಸ್ ಮುಟ್ಟುವ ಹೊತ್ತಿಗೆ ಹೆಂಡತಿ ನನ್ನ ಮುಂದಿನಿಂದ ಕುಕ್ಕರ್ ಎತ್ತಿಕೊಂಡು ಹೋದಳು. “ಅಪ್ಪ, ಆಫೀಸರ್ ಪ್ರಶ್ನೆ ಕೇಳ್ತಾರೆ, ಪಾಠ ಮಾಡಲ್ಲ. ಇಡೀ ಸಂದರ್ಶನ ಎರಡು ಮೂರು ನಿಮಿಷ ಅಷ್ಟೇ” ಎಂದು ಮಗಳು ನನ್ನನ್ನು ಹುದ್ದೆಯಿಂದ ಇಳಿಸಿದಳು.

ಆಮೇಲೆ ಅವಳೇ ಅಧಿಕಾರಿಯಾಗಿ ಅಮ್ಮನ ಕಡೆ ತಿರುಗಿ, “ನಿಮ್ಮ ಮಗಳು ವಾಪಸ್ ಬರ್ತಾಳೆ ಅಂತ ಏನು ಗ್ಯಾರಂಟಿ?” ಎಂದಳು. ಹೆಂಡತಿ ಯೋಚನೆಯನ್ನೂ ಮಾಡಲಿಲ್ಲ. “ಬರ್ದೇ ಏನ್ ಮಾಡ್ತಾಳೆ? ಅವರಪ್ಪಗೆ ಫೋನ್‌ಪೇ ಮಾಡಾಕ್ ಬರಲ್ಲ. ಒಟಿಪಿ ಬಂದ್ರೆ ಯಾರೋ ಕಳ್ರು ಅಂತ ಅಳಿಸಿಹಾಕ್ತಾರೆ. ಕಾಲೇಜಿನ ಮಾರ್ಕ್ಸ್ ಅಪ್‌ಲೋಡ್ ಮಾಡೋದೂ ಇವಳೇ.” ನಾಡಕಚೇರಿ ಸುತ್ತಿ ನಾನು ತಂದ ಪುರಾವೆಗಳಿಗಿಂತ ಇದು ಬಲವಾಗಿತ್ತು. ಆದರೆ ನನ್ನ ದಡ್ಡತನಕ್ಕೆ ಸರ್ಟಿಫಿಕೇಟು ಕೊಡುವ ಕಚೇರಿ ಎಲ್ಲೂ ಇಲ್ಲ.

ಕೊನೆಗೆ ಚೆನ್ನೈನಲ್ಲಿ ಸ್ಲಾಟು ಸಿಕ್ಕಿತು. ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟು 2025ರ ಜನವರಿಯಲ್ಲಿ ಉದ್ಘಾಟನೆಯಾಗಿತ್ತು, ವೀಸಾ ಕೊಡುವ ಕೆಲಸ ಮಾತ್ರ ಅದರ ಜೊತೆ ಶುರುವಾಗಿರಲಿಲ್ಲ. ಒಂದು ಕಾಲಕ್ಕೆ ಕನ್ನಡ ಸಿನಿಮಾ ತೆಗೆಯುವುದಕ್ಕೂ ಮದರಾಸಿಗೇ ಹೋಗಬೇಕಿತ್ತಲ್ಲ, ಅಮೆರಿಕಕ್ಕೆ ಹೋಗಲು ಹೋದರೇನು ಎಂದು ಸಮಾಧಾನ ಮಾಡಿಕೊಂಡು ಬೃಂದಾವನ ಎಕ್ಸ್‌ಪ್ರೆಸ್ ಹತ್ತಿದೆವು. ಫೈಲು ನನ್ನ ತೊಡೆಯ ಮೇಲಿತ್ತು. ಜೋಲಾರಪೇಟೆ ಹೊತ್ತಿಗೆ ಕಾಲು ಜೋಮು ಹಿಡಿಯಿತು.

ಮೊದಲ ದಿನ ಬೆರಳಚ್ಚು, ಫೋಟೊ. ಮರುದಿನ ಜೆಮಿನಿ ಸರ್ಕಲ್ಲಿನ ಕಾನ್ಸುಲೇಟು. ಒಳಗೆ ಅಪ್ಪಂದಿರನ್ನೂ ಬಿಡುವುದಿಲ್ಲ, ಮೊಬೈಲನ್ನೂ ಬಿಡುವುದಿಲ್ಲ. ಆದ್ದರಿಂದ ಮಗಳ ಮೊಬೈಲು ಹಿಡಿದು ಫ್ಲೈಓವರಿನ ನೆರಳು ಹುಡುಕಿಕೊಂಡು ನಿಂತೆ. ಅಪ್ಪ-ಮಗಳು ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡ ಮಂಗಳೂರಿನ ಹುಡುಗಿಯೊಬ್ಬಳು “ಅಂಕಲ್, ಇದನ್ನೂ ಇಟ್ಕೊಳ್ತೀರಾ?” ಎಂದು ತನ್ನದನ್ನೂ ಕೊಟ್ಟಳು. ಅವಳನ್ನು ನೋಡಿ ಹುಬ್ಬಳ್ಳಿಯ ಹುಡುಗ, ಅವನನ್ನು ನೋಡಿ ಕೊಯಮತ್ತೂರಿನವನು. ಸ್ವಲ್ಪ ಹೊತ್ತಿಗೆ ಅಂಗಿಯ ಜೇಬು, ಪ್ಯಾಂಟಿನ ಜೇಬು, ಊಟದ ಚೀಲ ಎಲ್ಲ ಮೊಬೈಲು. ಆಮೇಲೆ ಅವು ಒಂದಾದ ಮೇಲೊಂದು ಹೊಡೆದುಕೊಳ್ಳತೊಡಗಿದವು. ಒಂದರ ಮೇಲೆ ‘ಅಮ್ಮ’, ಇನ್ನೊಂದರ ಮೇಲೆ ‘ಮಮ್ಮಿ ಹೊಸ ನಂಬರ್’, ಮತ್ತೊಂದರ ಮೇಲೆ ತಮಿಳಿನಲ್ಲಿ ಏನೋ. ಎಲ್ಲವನ್ನೂ ಎತ್ತಿದೆ. “ಇನ್ನೂ ಒಳಗಿದ್ದಾರೆ, ಗಾಬರಿ ಬೇಡ” ಎಂದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಕೊಯಮತ್ತೂರಿನ ತಾಯಿ ನನ್ನನ್ನು ಕಾನ್ಸುಲೇಟಿನ ಅಧಿಕಾರಿ ಎಂದೇ ತಿಳಿದು, ಮಗ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಸ್ವಲ್ಪ ಬೇಗ ಬಿಡಿ ಎಂದು ಬೇಡಿಕೊಂಡರು. ಆಗಲಿ ಎಂದೆ. ಕೋಟು ಹಾಕಿಕೊಂಡು ಬರಬೇಕಿತ್ತು ಅನ್ನಿಸಿತು.

ಕನ್ಸಲ್ಟೆನ್ಸಿಯ ಹುಡುಗ ಮೊದಲೇ ಹೇಳಿದ್ದ: ಪಾಸ್‌ಪೋರ್ಟ್ ಕೈಗೆ ವಾಪಸ್ ಕೊಟ್ಟರೆ ವೀಸಾ ಇಲ್ಲ, ಅವರೇ ಇಟ್ಟುಕೊಂಡರೆ ಇದೆ. ಮಗಳು ಗೇಟು ದಾಟಿ ಬಂದಳು. ಬಗಲಲ್ಲಿ ಫೈಲು, ಕೈ ಖಾಲಿ. ಛತ್ರಿ, ಟಿಫನ್ ಬಾಕ್ಸು, ಒಂದು ಕಾಲಿನ ಚಪ್ಪಲಿ ಹೀಗೆ ಇಪ್ಪತ್ತು ವರ್ಷದಿಂದ ಏನೇನೋ ಕಳೆದುಕೊಂಡು ಬಂದು ನನ್ನಿಂದ ಬೈಸಿಕೊಂಡವಳು, ಈ ಸಲ ಕಳೆದುಕೊಂಡು ಬಂದು ಶಹಬ್ಬಾಸ್ ಅನ್ನಿಸಿಕೊಂಡಳು.

“ಫೈಲು ನೋಡಿದ್ರಾ?” ಎಂದೆ.

“ಇಲ್ಲ.”

“ನಿವ್ವಳ ಮೌಲ್ಯ?”

“ಕೇಳ್ಲಿಲ್ಲಪ್ಪ.”

“ಅಫಿಡವಿಟ್? ಪೌತಿ ಖಾತೆ? ಮುಂದಕ್ಕೆ ತಳ್ಳಿ ತೋರಿಸ್ಬೇಕಿತ್ತು ನೀನು!”

ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರಂತೆ. ಪಾಠ ಮಾಡ್ತಾರೆ ಎಂದಳಂತೆ. ಅಷ್ಟಕ್ಕೆ ನನ್ನ ಅಧ್ಯಾಯ ಮುಗಿದಿದೆ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಜಲಸಂಪನ್ಮೂಲವನ್ನೇ ಏಕೆ ಓದಲು ಹೊರಟಿದ್ದೀ ಎಂದು ಕೇಳಿದಾಗ, ನಮ್ಮ ಚಿಕ್ಕಪ್ಪನ ಗದ್ದೆ ನಾಲೆಯ ಕೊನೆಗಿದೆ, ಮೇಲಿನವರು ನೀರು ಎತ್ತಿಕೊಂಡರೆ ಕೊನೆಗೆ ಬರುವುದಿಲ್ಲ, ಯಾರಿಗೆ ಎಷ್ಟು ಹರಿಯಿತು ಎಂದು ಅಳೆದು ಬಿಡುವುದನ್ನು ಕಲಿಯಬೇಕು, ಕಲಿತು ಬಂದು ಅಲ್ಲೇ ಮಾಡಬೇಕು ಎಂದಳಂತೆ. ಅಧಿಕಾರಿ ಟೈಪ್ ಮಾಡುವುದನ್ನು ನಿಲ್ಲಿಸಿ, ನಾಲೆ ಎಷ್ಟು ಉದ್ದ ಎಂದು ವಿಚಾರಿಸಿ, ಪಾಸ್‌ಪೋರ್ಟ್ ಪಕ್ಕಕ್ಕಿಟ್ಟುಕೊಂಡರಂತೆ. ನಾನು ಗದ್ದೆಯ ಪಹಣಿ ಹೊಂದಿಸಿಕೊಟ್ಟಿದ್ದೆ. ಅವರಿಗೆ ಬೇಕಾದದ್ದು ಗದ್ದೆಯ ಗೋಳು. ಅದು ತಮ್ಮನ ಬಾಯಲ್ಲಿ ಪುಕ್ಕಟೆ ಸಿಗುತ್ತಿತ್ತು.

ಹೆಂಡತಿಗೆ ಫೋನು ಮಾಡಿದೆ. ಖುಷಿಯಿಂದ ದೇವರಿಗೆಲ್ಲ ಕೈಮುಗಿದು, ಅಣ್ಣನ ಮಗ ಸುತ್ತಬೇಕಾದ 108 ಪ್ರದಕ್ಷಿಣೆಯ ನೆನಪು ಮಾಡಿಕೊಂಡು, ಕೊನೆಗೆ ಕೇಳಿದಳು: “ನನ್ನ ಬಳೆ ತೂಕದ ಚೀಟಿ ನೋಡಿದ್ರಾ?” ಯಾರೂ ನೋಡಲಿಲ್ಲ ಎಂದೆ. “ಹಂಗಾರೆ ನೀವೊಬ್ರು ನೋಡಿದ್ದೇ ನಷ್ಟ” ಎಂದಳು.

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ನೋಡಿದವನು ಇನ್ನೊಬ್ಬನಿದ್ದ. ನಾಡಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕಾಗದಗಳನ್ನು ಜೋಡಿಸಿಕೊಟ್ಟಿದ್ದ ತಮ್ಮ, ಸಿಎ ಬರೆದ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಾನೆ. ನಾವು ಚೆನ್ನೈನಿಂದ ಬಂದ ವಾರವೇ ಹಲಸಿನ ಹಣ್ಣು ಹೊತ್ತುಕೊಂಡು ಬಂದ. ಮಗಳ ತಲೆ ಸವರಿ, ಎರಡು ತೊಳೆ ಬಿಡಿಸಿ ಕೊಟ್ಟು, ವಿಷಯಕ್ಕೆ ಬಂದ. “ಅತ್ತಿಗೆ, ನಮ್ಮ ಗದ್ದೆ ಹೆಸರು ಹೇಳಿ ಪುಟ್ಟಿಗೆ ವೀಸಾ ಆತಂತೆ. ಸಂತೋಷ. ಈ ಸಲ ಬೋರ್‌ವೆಲ್ ಹಾಕ್ಸೋಣ ಅಂತ. ದುಡ್ಡು ಅಣ್ಣ ಕೊಡ್ಲಿ.”

ನಾನು ರೂಮಿನೊಳಗೆ ಉತ್ತರ ಪತ್ರಿಕೆಗಳ ಮೇಲೆ ಇನ್ನಷ್ಟು ಬಗ್ಗಿದೆ. ಹೆಂಡತಿ ಎದ್ದು ಹೋಗಿ, ಫೈಲು ತಂದು, ಅಫಿಡವಿಟ್ ತೆಗೆದು ಅವನ ಮುಂದೆ ಹಿಡಿದಳು.

“ಯಾವ ಅಣ್ಣನ್ನ ಕೇಳ್ತಿದೀಯಪ್ಪಾ? ಇಲ್ಲಿ ಮೂವರಿದಾರೆ.”

ತಮ್ಮ ಮೂರೂ ಹೆಸರನ್ನು ಸಾವಧಾನವಾಗಿ ಓದಿದ. ಓದಿ, ಕಾಗದ ಮಡಿಸಿ ಕೈಗಿಟ್ಟು ಹೇಳಿದ: “ಮೂವರಾಗೆ ದುಡ್ಡಿರೋನ್ನ ಕಳ್ಸಿ, ಅತ್ತಿಗೆ.”